ಲೇವಾ: ದನದ ಫಾರಂ ಖಡ್ಗಮೃಗಗಳ ತವರಾದ ಕಥೆ

ಸ್ವಾಹಿಲಿ ಭಾಷೆಯಲ್ಲಿ ‘ಸಫಾರಿ’ ಎಂದರೆ ಪ್ರಯಾಣ. ಅರಬ್ಬಿ ಮೂಲದ ಈ ಪದ, ಹಿಂದಿ ಹಾಡುಗಳಲ್ಲಿ ಕೇಳಿಬರುವ ‘ಸಫರ್’ಗೆ ಹತ್ತಿರದ ನೆಂಟ. ಸಫಾರಿ ಎಂದೊಡನೆ ಜೀಪು, ಕ್ಯಾಮೆರಾ, ಸಿಂಹ ಕಣ್ಣಮುಂದೆ ಬರುತ್ತವೆ. ಆದರೆ ಕೀನ್ಯಾ ದೇಶದ ಲೇವಾಕ್ಕೆ ಹೋದವರಿಗೆ ಇವೆಲ್ಲಕ್ಕಿಂತ ಮೊದಲು ಕೇಳಸಿಗುವುದು ಒಂದು ಕುಟುಂಬದ ಕಥೆ.

ಭೂಮಧ್ಯರೇಖೆಗೆ ತುಸು ಉತ್ತರದಲ್ಲಿ, 5,199 ಮೀಟರ್ ಎತ್ತರದ ಮೌಂಟ್ ಕೀನ್ಯಾ ಪರ್ವತದ ಇಳಿಜಾರು ಮುಗಿದು ಒಣ ಬಯಲು ಆರಂಭವಾಗುವಲ್ಲಿ ಲೇವಾ ಇದೆ. ಮುಂಜಾನೆ ಮಂಜು ಸರಿದಾಗ ದಕ್ಷಿಣಕ್ಕೆ ಹಿಮಶಿಖರ, ಉತ್ತರಕ್ಕೆ ಜಾಲಿಮರಗಳ ಬಯಲು. ಬ್ರಿಟಿಷ್ ವಲಸಿಗ ಕುಟುಂಬವೊಂದು 1922ರಿಂದ ಇಲ್ಲಿ ದನ ಸಾಕುತ್ತಿತ್ತು. ಮುಂದೆ ಅದೇ ಮನೆತನದ ಡೇವಿಡ್ ಮತ್ತು ಡೀಲಿಯಾ ಕ್ರೇಗ್ ದಂಪತಿ ದನಗಳ ಜತೆಗೆ ವನ್ಯಪ್ರಾಣಿಗಳಿಗೂ ಜಾಗ ಬಿಟ್ಟರು. ಪ್ರವಾಸಿಗರಿಗೂ ಮನೆಬಾಗಿಲು ತೆರೆದರು.

ಅದು ಖಡ್ಗಮೃಗಗಳಿಗೆ ಕೇಡುಗಾಲ. 1970ರ ಸುಮಾರಿಗೆ ಕೀನ್ಯಾದಲ್ಲಿ ಇಪ್ಪತ್ತು ಸಾವಿರದಷ್ಟಿದ್ದ ಕಪ್ಪು ಖಡ್ಗಮೃಗಗಳು 1980ರ ದಶಕದ ಕೊನೆಗೆ ನಾನೂರಕ್ಕೂ ಕೆಳಗಿಳಿದವು. ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದ ಕೊಂಬಿಗಾಗಿ ಇಷ್ಟೊಂದು ಪ್ರಾಣಹಾನಿ! ಏಷ್ಯಾದಲ್ಲಿ ಅದು ಔಷಧ, ಯೆಮೆನ್‌ನಲ್ಲಿ ಕಠಾರಿಯ ಹಿಡಿ.

ಆಗ ಕ್ರೇಗ್ ದಂಪತಿಯ ಬಳಿ ಬಂದವರು ಆನಾ ಮೆರ್ಜ್. ಘಾನಾದಲ್ಲಿ ಸಂಬಳವಿಲ್ಲದ ಗೌರವ ವಾರ್ಡನ್ ಆಗಿ ದುಡಿದು ಕೀನ್ಯಾಕ್ಕೆ ಬಂದು ನೆಲೆಸಿದ್ದ ಆಕೆ ಕೇಳಿದ್ದು ಖಡ್ಗಮೃಗಗಳಿಗೊಂದಿಷ್ಟು ಜಾಗ. ಕ್ರೇಗ್ ಕುಟುಂಬ 1983ರಲ್ಲಿ 5,000 ಎಕರೆ ಕೊಟ್ಟಿತು. ಆನಾ ತಮ್ಮ ಕೈಯಿಂದಲೇ ಹಣ ಹಾಕಿ ಬೇಲಿ ಕಟ್ಟಿಸಿದರು. ತಾಯಿ ತೊರೆದ ‘ಸಾಮಿಯಾ’ ಎಂಬ ಮರಿಗೆ ಸ್ವತಃ ಹಾಲು ಕುಡಿಸಿ ಬೆಳೆಸಿದರು. ಬೇಲಿಯೊಳಗೆ ಮೃಗಗಳು ಹೆಚ್ಚಿದಂತೆ ಜಾಗ ಸಾಲದಾಯಿತು. ಕೊನೆಗೆ ಇಡೀ ಫಾರಂ ಪ್ರಾಣಿಗಳ ಪಾಲಾಗಿ, 1995ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಯಿತು. ಈಗ ನೆರೆಯ ಕಾಡೂ ಸೇರಿ ಸುಮಾರು 62,000 ಎಕರೆ. 2013ರಲ್ಲಿ ಯುನೆಸ್ಕೊ ಇದನ್ನು ಮೌಂಟ್ ಕೀನ್ಯಾ ವಿಶ್ವಪರಂಪರೆಯ ತಾಣಕ್ಕೆ ಸೇರಿಸಿತು. ಅದೇ ವರ್ಷ ಆನಾ ತೀರಿಕೊಂಡರು.

ಕುಟುಂಬದ ಶಿಬಿರದಲ್ಲಿ ಇಂದಿಗೂ ಮನೆಯವರೂ ಅತಿಥಿಗಳೂ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ತರಕಾರಿ ಸ್ವಂತ ತೋಟದ್ದು. ಜೀಪು ಬೇಡವೆಂದವರಿಗೆ ಕುದುರೆ, ಒಂಟೆ ಇವೆ. ಅಗಲ ಕಿವಿಯ, ಸಪೂರ ಪಟ್ಟೆಯ ಗ್ರೆವಿ ಜೀಬ್ರಾ ನೋಡಬೇಕೆಂದರೆ ಇದೇ ಜಾಗ. ಜಗತ್ತಿನ ಕಾಡುಗಳಲ್ಲಿ ಅವು ಉಳಿದಿರುವುದು ಮೂರು ಸಾವಿರದಷ್ಟು ಮಾತ್ರ. ಹೆದ್ದಾರಿಯ ಅಡಿಯಲ್ಲಿ ಕಟ್ಟಿದ ಸುರಂಗದಲ್ಲಿ ಆನೆಗಳು 2011ರಿಂದ ಪರ್ವತದ ಕಾಡಿಗೂ ಬಯಲಿಗೂ ಓಡಾಡುತ್ತಿವೆ. 2000ದಲ್ಲಿ ಶುರುವಾದ ಮ್ಯಾರಥಾನ್‌ನಲ್ಲಿ ಸ್ಪರ್ಧಿಗಳು ಓಡುವುದೂ ಇದೇ ಬಯಲಿನಲ್ಲಿ. ಸಿಂಹಗಳ ಮೇಲೆ ಕಣ್ಣಿಡಲು ಆಕಾಶದಲ್ಲಿ ವಿಮಾನ!

ಬೇಲಿಯಾಚೆಯ ಜನರ ಒಪ್ಪಿಗೆಯಿಲ್ಲದೆ ಪ್ರಾಣಿ ಉಳಿದೀತೇ? ಲೇವಾದ ಆದಾಯ ಮತ್ತು ದೇಣಿಗೆಯ ಒಂದು ಪಾಲು ಸುತ್ತಲಿನ ಶಾಲೆ, ಚಿಕಿತ್ಸಾಲಯ, ಕುಡಿಯುವ ನೀರಿಗೆ ಹೋಗುತ್ತದೆ. ನೆರೆಯ ಇಲ್ ಎನ್‌ಗ್ವೆಸಿಯ ಮಾಸಾಯಿ ಸಮುದಾಯ 1996ರಲ್ಲಿ ತನ್ನದೇ ವಸತಿಗೃಹ ತೆರೆಯಿತು. ಅದರ ಗಳಿಕೆಯಿಂದ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುತ್ತಿದೆ.

ಆದರೆ ಎಲ್ಲವೂ ಸುಗಮವಲ್ಲ. ಇದೇ ಮಾದರಿಯನ್ನು ಹಬ್ಬಿಸಲು 2004ರಲ್ಲಿ ಹುಟ್ಟಿದ ನಾರ್ದರ್ನ್ ರೇಂಜ್‌ಲ್ಯಾಂಡ್ಸ್ ಟ್ರಸ್ಟ್ ತಮ್ಮ ಹುಲ್ಲುಗಾವಲನ್ನು ಕಿತ್ತುಕೊಳ್ಳುತ್ತಿದೆ ಎಂದು ದನಗಾಹಿಗಳು ದೂರಿದ್ದಾರೆ. ಅದಕ್ಕೆ ಸೇರಿದ ಎರಡು ರಕ್ಷಿತ ಪ್ರದೇಶಗಳನ್ನು ಜನರನ್ನು ಸರಿಯಾಗಿ ಕೇಳದೆ ಸ್ಥಾಪಿಸಲಾಗಿದೆ ಎಂದು 2025ರಲ್ಲಿ ಇಸಿಯೊಲೊದ ನ್ಯಾಯಾಲಯ ತೀರ್ಪು ನೀಡಿತು. ಸ್ವಂತ ಜಮೀನನ್ನು ಬಿಟ್ಟುಕೊಡುವುದು ದಾನ. ಊರಿನ ಜಮೀನಾದರೆ ಮೊದಲು ಊರನ್ನೇ ಕೇಳಬೇಕು.

ಕೀನ್ಯಾದಲ್ಲಿ ಕಪ್ಪು ಖಡ್ಗಮೃಗಗಳ ಸಂಖ್ಯೆ ಮತ್ತೆ 900 ದಾಟಿದೆ. ವನ್ಯಜೀವಿ ರಕ್ಷಣೆಯ ಕನಸು ಕಾಣುವ ವಿದ್ಯಾರ್ಥಿಗಳು ಲೇವಾದಿಂದ ಕಲಿಯಬೇಕಾದ ಪಾಠ ಎರಡು: ಪ್ರಾಣಿಯನ್ನು ಅರಿಯುವುದು, ಅದರ ನೆರೆಯಲ್ಲಿ ಬದುಕುವ ಮನುಷ್ಯನ ಮಾತಿಗೆ ಕಿವಿಗೊಡುವುದು.