ಅಂಗಳದ ಮಾತು, ಶಾಲೆಯ ಅಕ್ಷರ

ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಹೆತ್ತವರ ರಜೆ ಮುಗಿಯಿತೆಂದೇ ಲೆಕ್ಕ! ಸಣ್ಣ ಮಕ್ಕಳಿರುವ ಯಾವ ಮನೆಯಲ್ಲಿ ಕೇಳಿದರೂ ಇದೇ ಮಾತು ಹೇಳಿಯಾರು. ನಮ್ಮ ಕಾಸರಗೋಡಿನ ಕಡೆ ಈ ರಜೆ ಸ್ವಲ್ಪ ಉದ್ದವೇ. ಮಾರ್ಚ್ ಕೊನೆಗೆ ಮುಚ್ಚಿದ ಶಾಲೆಗಳು ಮತ್ತೆ ತೆರೆಯುವುದು ಜೂನ್ ತಿಂಗಳ ಆರಂಭದಲ್ಲಿ. ನಮ್ಮ ಮನೆಯಲ್ಲಿ ಮಕ್ಕಳು ಮೂವರು. ದೊಡ್ಡವಳಿಗೆ ಒಂಬತ್ತು, ನಡುವಿನವನಿಗೆ ಆರು, ಚಿಕ್ಕವಳಿಗೆ ಮೂರು ವರ್ಷ. ಜತೆಗೆ ಎಪ್ಪತ್ತೈದು ದಾಟಿದ ಅಜ್ಜಿ. ನಮ್ಮಿಬ್ಬರಲ್ಲಿ ಒಬ್ಬರು ಬೆಳಿಗ್ಗೆ ಎಂಟರ ಬಸ್ಸು ಹಿಡಿದು ಪೇಟೆಗೆ ಕೆಲಸಕ್ಕೆ ಹೋಗುವವರು, ಇನ್ನೊಬ್ಬರು ಮನೆ, ತೋಟ, ದನಗಳನ್ನು ನೋಡಿಕೊಳ್ಳುವವರು. ಈ ಬೇಸಗೆಯಲ್ಲಿ ನಮಗೆ ಕೆಲಸಗಳ ನಡುವೆ ಒಂದು ತೀರ್ಮಾನವನ್ನೂ ಮಾಡಬೇಕಾಗಿತ್ತು. ಅದನ್ನು ಆಮೇಲೆ ಹೇಳುತ್ತೇವೆ.

ಬೇಸಗೆಯಲ್ಲಿ ನಮ್ಮ ದಿನ ಆರಂಭವಾಗುವುದು ನೀರಿನ ಲೆಕ್ಕದಿಂದ. ಮನೆಯ ಹಿಂದಿನ ಗುಡ್ಡೆಯಲ್ಲಿ ಅಜ್ಜನ ಕಾಲದ ಸುರಂಗವಿದೆ. ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ನಡೆದು ಹೋಗುವಷ್ಟು ಜಾಗ ಮಾಡಿ ಹುಡುಕಿದ ನೀರು ಅದು. ಪಂಪು ಬೇಡ, ಕರೆಂಟು ಬೇಡ. ತಾನಾಗಿ ಹರಿದು ಬಂದು ಟಾಂಕಿಗೆ ಬೀಳುತ್ತದೆ. ಡಿಸೆಂಬರಿನಲ್ಲಿ ಹೆಬ್ಬೆರಳ ಗಾತ್ರ ಬರುವ ನೀರು ಏಪ್ರಿಲ್ ಕೊನೆಗೆ ನೂಲಿನಷ್ಟಾಗುತ್ತದೆ. ಆಗ ಕುಡಿಯಲು ಮತ್ತು ಅಡುಗೆಗೆ ಮೊದಲ ಪಾಲು, ದನಗಳಿಗೆ ಎರಡನೆಯದು, ಸ್ನಾನಕ್ಕೆ ಉಳಿದದ್ದು. ಪಾತ್ರೆ ತೊಳೆದ ನೀರು ಬಸಳೆ ಚಪ್ಪರದ ಬುಡಕ್ಕೆ. ಟಾಂಕಿಯ ನೀರು ಅಳೆಯುವ ಕೆಲಸವನ್ನು ಮಗನಿಗೆ ಕೊಟ್ಟೆವು. ಅವನು ದಿನಾ ಬೆಳಿಗ್ಗೆ ಮಸಿತುಂಡಿನಿಂದ ಗೋಡೆಗೆ ಗೆರೆ ಎಳೆದು, "ಇವತ್ತು ಎರಡು ಬೆರಳು ಕಡಿಮೆ" ಎಂದು ವರದಿ ಒಪ್ಪಿಸುತ್ತಿದ್ದ. ಅಂದಿನಿಂದ ಬಚ್ಚಲಲ್ಲಿ ನಾವು ಎರಡು ಚೊಂಬು ಹೆಚ್ಚು ಸುರಿದರೂ ಹೊರಗಿನಿಂದ ಕೂಗು ಬರುತ್ತಿತ್ತು!

ಏಪ್ರಿಲ್ ಎರಡನೇ ವಾರ ಕರ್ನಾಟಕದ ಶಾಲೆಗಳಿಗೂ ರಜೆ ಸಿಗುತ್ತಲೇ ಮಂಗಳೂರಿನಿಂದ ಅಕ್ಕನ ಇಬ್ಬರು ಮಕ್ಕಳು ಬಂದಿಳಿದರು. ಮೂವರಿದ್ದವರು ಐವರಾದರು. ಗುಡ್ಡೆಯಲ್ಲಿ ಗೇರುಬೀಜ ಹೆಕ್ಕುವುದು, ಪುನರ್ಪುಳಿ ಸಿಪ್ಪೆ ಒಣಗಿಸುವುದು, ಮಾವಿನ ಮರಕ್ಕೆ ಕಲ್ಲೆಸೆದು ಬೈಗುಳ ತಿನ್ನುವುದು... ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನಡುವೆ ನೆಂಟರ ಮನೆಯ ಒಂದು ಮದುವೆ. ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ವಧುವಿಗೆ ಹಚ್ಚಬೇಕಾದ ತೆಂಗಿನ ಹಾಲಿನಲ್ಲಿ ಅರ್ಧವನ್ನು ನಮ್ಮ ಚಿಕ್ಕವಳೇ ಮೈಗೆ ಸುರಿದುಕೊಂಡಿದ್ದಳು. ಮದುವೆ ಫೋಟೋಗಳಲ್ಲಿ ಎಲ್ಲರ ಮುಖ ನಗುತ್ತಿರುವುದಕ್ಕೆ ಅದೇ ಕಾರಣ.

ಇನ್ನು ಹಪ್ಪಳದ ಕೆಲಸ. ಹಲಸಿನ ಹಪ್ಪಳ ಮಾಡಿದವರಿಗೆ ಗೊತ್ತು, ಒಬ್ಬರಿಬ್ಬರಿಂದ ಆಗುವ ಕೆಲಸವಲ್ಲ ಅದು. ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿ ಕಾಯಿ ಕೊರೆಯಬೇಕು, ಮೇಣ ಒರೆಸಬೇಕು, ಸೊಳೆ ಬಿಡಿಸಬೇಕು, ಹಬೆಯಲ್ಲಿ ಬೇಯಿಸಿ ಉಪ್ಪು ಮೆಣಸು ಹಾಕಿ ರುಬ್ಬಬೇಕು, ಉಂಡೆ ಕಟ್ಟಿ ಒತ್ತಬೇಕು. ಅಜ್ಜಿ ಜಗಲಿಯಲ್ಲಿ ಕುಳಿತು ಐದು ಮಕ್ಕಳಿಗೂ ಕೆಲಸ ಹಂಚಿದರು. ಒಬ್ಬರು ಉಂಡೆ ಕಟ್ಟುವುದು, ಒಬ್ಬರು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟುಕೊಡುವುದು, ಒಬ್ಬರು ಮಣೆಯಿಂದ ಒತ್ತುವುದು, ಒಬ್ಬರು ಚಾಪೆಯಲ್ಲಿ ಹರಡುವುದು. ಕೋಲು ಹಿಡಿದು ಕಾಗೆ ಓಡಿಸುವ ಅಧಿಕಾರ ಚಿಕ್ಕವಳದು. ಅವಳು ಕಾಗೆ ಓಡಿಸಿದ್ದಕ್ಕಿಂತ ಹಸಿ ಹಿಟ್ಟು ತಿಂದದ್ದೇ ಹೆಚ್ಚು! ಎರಡನೆಯ ದಿನ ಸಂಜೆ ನಾಲ್ಕಕ್ಕೆ ಗುಡುಗು ಕೇಳಿತು. ಐದು ನಿಮಿಷದಲ್ಲಿ ಚಾಪೆಗಳೆಲ್ಲ ಒಳಗೆ. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ಇಷ್ಟೆಲ್ಲದರ ನಡುವೆ ಆ ತೀರ್ಮಾನ ನಮ್ಮ ತಲೆಯ ಮೇಲೆ ಕುಳಿತೇ ಇತ್ತು. ಮಗನನ್ನು ಜೂನಿನಲ್ಲಿ ಒಂದನೇ ತರಗತಿಗೆ ಸೇರಿಸಬೇಕು. ಎಲ್ಲಿಗೆ?

ದೊಡ್ಡವಳನ್ನು ಊರಿನ ಕನ್ನಡ ಶಾಲೆಗೆ ಸೇರಿಸುವಾಗ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ನಾವಿಬ್ಬರೂ ಕನ್ನಡ ಶಾಲೆಯಲ್ಲಿ ಕಲಿತವರು, ಅಕ್ಕಪಕ್ಕದ ಮಕ್ಕಳೂ ಅಲ್ಲಿಗೇ ಹೋಗುತ್ತಿದ್ದರು. ಈಗ ಹಾಗಿಲ್ಲ. ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಮನೆಯ ಗೇಟಿಗೇ ಬರುತ್ತದೆ. ಓಣಿಯ ಮಕ್ಕಳೆಲ್ಲ ಅದರಲ್ಲಿ. ಮೇ ಮೊದಲ ವಾರ ಕನ್ನಡ ಶಾಲೆಯ ಟೀಚರ್ ಬಿಸಿಲಿನಲ್ಲಿ ನಡೆದುಕೊಂಡು ಮನೆಗೆ ಬಂದರು. ಮಜ್ಜಿಗೆ ಕುಡಿದು, "ಈ ಸಲ ಒಂದನೇ ತರಗತಿಗೆ ಇಲ್ಲಿಯವರೆಗೆ ನಾಲ್ಕು ಮಕ್ಕಳು. ನಿಮ್ಮ ಮಗನನ್ನು ಕಳಿಸಿಕೊಡಿ" ಎಂದರು. ಕೇರಳದಲ್ಲಿ ಶಾಲೆ ತೆರೆದು ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಶಿಕ್ಷಕರ ಹುದ್ದೆ ಉಳಿಯುವುದೂ ಹೋಗುವುದೂ ಆ ಲೆಕ್ಕದ ಮೇಲೆ. ಟೀಚರ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆ ರಾತ್ರಿ ನಮ್ಮಲ್ಲೇ ಎರಡು ಮಾತಾಯಿತು. ಮುಂದೆ ಅವನಿಗೆ ಕೆಲಸ ಸಿಗಬೇಕಲ್ಲ, ಮಲಯಾಳವೂ ಬೇಕು, ಇಂಗ್ಲಿಷೂ ಬೇಕು, ಕನ್ನಡದಿಂದ ಏನಾದೀತು ಎಂದು ಒಬ್ಬರು. ಕನ್ನಡ ಶಾಲೆಯಲ್ಲೂ ಇಂಗ್ಲಿಷ್ ಕಲಿಸುತ್ತಾರಲ್ಲ, ಅಕ್ಕ ಕಲಿಯುವುದಿಲ್ಲವೇ ಎಂದು ಇನ್ನೊಬ್ಬರು. ಎರಡೂ ಸುಳ್ಳಲ್ಲ. ಮೂರು ನಾಲ್ಕು ರಾತ್ರಿ ಮಾತಾಡಿದರೂ ಮುಗಿಯಲಿಲ್ಲ. ಅಜ್ಜಿಯನ್ನು ಕೇಳಿದೆವು. ಅಜ್ಜಿ ಒಂದನೇ ತರಗತಿಗೆ ಸೇರಿದ್ದು 1956ರ ಜೂನಿನಲ್ಲಿ. ಆಗ ನಮ್ಮ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅದೇ ವರ್ಷ ನವೆಂಬರ್ 1ರಂದು ಕೇರಳಕ್ಕೆ ಸೇರಿತು. "ರಾಜ್ಯ ಬದಲಾದ ಮರುದಿನವೂ ನಾವು ಅದೇ ಬೆಂಚಿನಲ್ಲಿ ಕುಳಿತು ಅದೇ ಕಾಗುಣಿತ ಬರೆದೆವು. ಮಕ್ಕಳು ನಿಮ್ಮವು, ಯೋಚನೆ ನೀವೇ ಮಾಡಿ" ಎಂದಷ್ಟೇ ಹೇಳಿ ಅವರು ಸುಮ್ಮನಾದರು.

ನಮ್ಮ ಮನೆಮಾತು ಕೊಂಕಣಿ. ಅಂಗಳದಲ್ಲಿ ಕೆಲಸದವರೊಡನೆ ತುಳು, ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ಯಾವುದು ಬಂತೋ ಅದು. ನಮ್ಮಂಥ ಕೊಂಕಣಿ ಕುಟುಂಬಗಳ ಚರ್ಚುಗಳು ಗಡಿಯ ಈಚೆ ಇದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ನಮ್ಮ ಕೊಂಕಣಿ ಬೈಬಲ್ ಆಗಲಿ, ಪ್ರಾರ್ಥನೆ ಪುಸ್ತಕವಾಗಲಿ ಅಚ್ಚಾಗುವುದು ಕನ್ನಡ ಲಿಪಿಯಲ್ಲಿ. ಇದು ನಿಮಗೆಲ್ಲ ತಿಳಿದ ವಿಷಯವೇ. ನಮಗೂ ತಿಳಿದದ್ದೇ. ಆದರೆ ತಿಳಿದದ್ದು ಕಣ್ಣಿಗೆ ಬೀಳಲು ಒಂದು ಸಂದರ್ಭ ಬೇಕಾಗುತ್ತದೆ.

ಅಜ್ಜಿಯ ಕಣ್ಣು ಎರಡು ವರ್ಷಗಳಿಂದ ಮಂಜು. ಸಂಜೆ ಜಪಸರದ ಬಳಿಕ ಬೈಬಲಿನ ಒಂದು ಪುಟ ಓದುವ ಕೆಲಸ ದೊಡ್ಡವಳದು. ಮೇ ಮೂರನೇ ವಾರ ಅವಳು ಜ್ವರ ಬಂದು ಮಲಗಿದಳು. ಮೊದಲ ಸಂಜೆ ಮಂಗಳೂರಿನ ಮಕ್ಕಳಲ್ಲಿ ದೊಡ್ಡವನು ಪುಸ್ತಕ ಹಿಡಿದ. ಶಾಲೆಯಲ್ಲಿ ಅವನಿಗೆ ಎಲ್ಲ ಪಾಠವೂ ಇಂಗ್ಲಿಷಿನಲ್ಲಿ, ಕನ್ನಡ ಒಂದು ವಿಷಯ ಮಾತ್ರ. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದ. ಅರ್ಧ ಪುಟಕ್ಕೆ ಬೆವರಿದ. ಹುಡುಗ ಜಾಣ, ತಪ್ಪು ಅವನದಲ್ಲ. ಅಜ್ಜಿ, "ಸಾಕು ಮಗಾ, ಚೆನ್ನಾಗಿ ಓದಿದೆ" ಎಂದು ಅವನ ತಲೆ ನೇವರಿಸಿದರು.

ಮರುದಿನ ನಮ್ಮವನು ತಾನೇ ಅಜ್ಜಿಯ ಪಕ್ಕ ಹೋಗಿ ಕುಳಿತ. ರಜೆಯುದ್ದಕ್ಕೂ ಅಕ್ಕ ಜಗಲಿಯಲ್ಲಿ ಟೀಚರ್ ಆಟ ಆಡುತ್ತಾ ಅವನಿಗೆ ಅಕ್ಷರ ಕಲಿಸಿದ್ದಳು. ಅದು ಆಟವೆಂದೇ ನಾವು ತಿಳಿದಿದ್ದೆವು. ಅವನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ, "ದೇ... ವಾ... ದೇವಾ!" ಎಂದ. ಮತ್ತೆ ಎರಡು ಪದ ಓದಿದ. ಮೂರನೆಯದಕ್ಕೆ ಕರೆಂಟು ಹೋಯಿತು. ಕತ್ತಲೆಯಲ್ಲಿ ಅಜ್ಜಿ, "ನಾಳೆ ಇಲ್ಲಿಂದಲೇ ಮುಂದುವರಿಸು" ಎಂದು ಹೇಳುವುದು ಕೇಳಿಸಿತು.

ಅಂದು ರಾತ್ರಿ ನಮ್ಮ ಮಾತು ಬೇಗ ಮುಗಿಯಿತು. ಮಾತು ಅಂಗಳದಲ್ಲಿ ತಾನಾಗಿ ಬರುತ್ತದೆ. ತುಳುವನ್ನೂ ಮಲಯಾಳವನ್ನೂ ಅವನಿಗೆ ಯಾರೂ ಕೂರಿಸಿ ಕಲಿಸಿಲ್ಲ. ಅಕ್ಷರ ಹಾಗಲ್ಲ. ಅದನ್ನು ಯಾರಾದರೂ ಕೈಹಿಡಿದು ತಿದ್ದಿಸಬೇಕು, ದಿನವೂ ಬಳಸಬೇಕು. ಇಂಗ್ಲಿಷ್ ಅಕ್ಷರ ಅವನಿಗೆ ಎಲ್ಲಿ ಹೋದರೂ ಸಿಗುತ್ತದೆ. ಕನ್ನಡ ಅಕ್ಷರ ಈ ಊರಿನ ಈ ಒಂದು ಶಾಲೆಯಲ್ಲಿ ಸಿಗದಿದ್ದರೆ ಮತ್ತೆ ಎಲ್ಲಿ ಸಿಕ್ಕೀತು? ಅದು ತಪ್ಪಿದರೆ ಕೈತಪ್ಪುವುದು ಶಾಲೆಯ ಒಂದು ವಿಷಯ ಮಾತ್ರವಲ್ಲ. ಅಜ್ಜಿಯ ಬೈಬಲು, ಅಜ್ಜ ಬರೆದಿಟ್ಟ ಜಾಗದ ಲೆಕ್ಕ, ನೀವು ಈಗ ಓದುತ್ತಿರುವ ಈ ಪುಟ, ಇವೆಲ್ಲ ಅವನ ಪಾಲಿಗೆ ಮುಚ್ಚಿದ ಬಾಗಿಲುಗಳಾಗುತ್ತವೆ. ಇಂಗ್ಲಿಷ್ ಶಾಲೆಗೆ ಕಳಿಸುವ ಹೆತ್ತವರನ್ನು ನಾವು ದೂರುವುದಿಲ್ಲ. ಅವರವರ ಮನೆಯ ಕಷ್ಟ ಅವರವರಿಗೇ ಗೊತ್ತು. ಆದರೆ ಅಂಥ ಮನೆಯಲ್ಲೂ ಸಂಜೆ ಹತ್ತು ನಿಮಿಷ ಮಗುವಿನ ಕೈಗೆ ಒಂದು ಕನ್ನಡ ಪುಟ ಕೊಡಲು ಸಾಧ್ಯವಿದೆ. ಓದಿಸಿಕೊಳ್ಳಲು ಒಬ್ಬ ಅಜ್ಜಿಯೋ ಅಜ್ಜನೋ ಇದ್ದರಂತೂ ಇನ್ನೂ ಒಳ್ಳೆಯದು.

ಮರುವಾರ ಅವನನ್ನು ಕನ್ನಡ ಶಾಲೆಗೆ ಸೇರಿಸಿ ಬಂದೆವು. ರಿಜಿಸ್ಟರಿನಲ್ಲಿ ಅವನದು ಆರನೇ ಹೆಸರು. ನಾಲ್ಕರ ಬಳಿಕ ಇನ್ನೊಂದು ಮಗು ಮೊದಲೇ ಸೇರಿತ್ತು. ಮಂಗಳೂರಿನ ಮಕ್ಕಳು ಒಂದು ಡಬ್ಬ ಹಪ್ಪಳ ಕಟ್ಟಿಕೊಂಡು ಊರಿಗೆ ಹೊರಟರು. ಹೋಗುವ ಮುನ್ನ ಅವರಲ್ಲಿ ದೊಡ್ಡವನು ಅಜ್ಜಿಗೆ, "ಕ್ರಿಸ್ಮಸ್ಸಿಗೆ ಬಂದಾಗ ಇಡೀ ಪುಟ ಓದುತ್ತೇನೆ" ಎಂದು ಮಾತು ಕೊಟ್ಟ. ಪ್ರವೇಶೋತ್ಸವದ ದಿನ ಮಳೆ ಹಿಡಿದಿತ್ತು. ಮಗ ಹೊಸ ಕೊಡೆ ಬಿಡಿಸಿ ಅಕ್ಕನ ಹಿಂದೆ ಹೊರಟವನು, ಗೇಟಿನ ತನಕ ಹೋಗಿ ಓಡಿ ವಾಪಸು ಬಂದ. ಏನೋ ಮರೆತನೆಂದು ತಿಳಿದೆವು. ಅವನು ನೇರ ಟಾಂಕಿಯ ಬಳಿ ಹೋಗಿ ಇಣುಕಿ, "ತುಂಬುತ್ತಾ ಇದೆ!" ಎಂದು ಕೂಗಿ ಮತ್ತೆ ಓಡಿದ.