ಲೋಟದ ಮೇಲಿನ ಹೆಸರು

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಯ್ತು. ಫೋಟೋ ನೋಡೋಕೆ ಅಂತಲೇ ಬರೋರು ಬೈಬೇಡಿ, ಇವತ್ತೂ ಫೋಟೋ ಇಲ್ಲ. ಯಾಕಿಲ್ಲ ಅನ್ನೋದೇ ಈ ಬರಹ.

ಹೋದ ಮಳೆಗಾಲದಲ್ಲಿ ಆಪ್ತಸಮಾಲೋಚಕಿ ಆಗಿರೋ ಗೆಳತಿ ಫೋನ್ ಮಾಡಿ, "ಕೆಲವು ಹೆಂಗಸರಿಗೆ ಮೊಬೈಲಲ್ಲಿ ಫೋಟೋ ತೆಗೆಯೋದು ಹೇಳಿಕೊಡ್ತೀಯಾ?" ಅಂದಳು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಏಳು ಜನ. ಏಳೂ ಜನಕ್ಕೆ ಎಚ್‌ಐವಿ ಇದೆ. ರಂಗನತಿಟ್ಟಿನ ಹಕ್ಕಿ, ಮೇಲುಕೋಟೆಯ ಕಲ್ಯಾಣಿ ಬಿಟ್ಟು ಬೇರೇನೂ ತೆಗೆದು ಗೊತ್ತಿಲ್ಲದ ನಾನು ಅಳುಕಿನಿಂದಲೇ ಹ್ಞೂಂ ಅಂದೆ.

ಇದು ಹೊಸದೇನಲ್ಲವಂತೆ. 1990ರ ದಶಕದಲ್ಲಿ ಚೀನಾದ ಯುನ್ನಾನ್‌ನಲ್ಲಿ ಕ್ಯಾರೋಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಅನ್ನುವವರು 62 ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು, ಅವರು ತೆಗೆದ ಚಿತ್ರಗಳನ್ನೇ ಮುಂದಿಟ್ಟುಕೊಂಡು ಮಾತಾಡಿಸಿದರು. ಆಮೇಲೆ ಅದಕ್ಕೆ ಫೋಟೋವಾಯ್ಸ್ ಅಂತ ಹೆಸರಾಯ್ತು. "ಹೇಗಿದ್ದೀರಿ ಅಂದ್ರೆ ಚೆನ್ನಾಗಿದೀನಿ ಅಂತಾರೆ, ಅಲ್ಲಿಗೆ ಮಾತು ಮುಗೀತು. ಇದೇನು ಫೋಟೋ ಅಂತ ಕೇಳಿ ನೋಡು" ಅಂದಳು ಗೆಳತಿ.

ನಿಯಮ ಒಂದೇ, ಯಾರ ಮುಖವನ್ನೂ ತೆಗೆಯಬಾರದು. ಎರಡು ವಾರ ಬಿಟ್ಟು ಮತ್ತೆ ಸೇರಿದಾಗ ಬಂದವರು ಆರೇ ಜನ. ಇನ್ನೊಬ್ಬರು ಆಮೇಲೂ ಬರಲಿಲ್ಲ. ಹಾಗಾಗಿ ಫೋಟೋ ತೆಗೆದರೆ ಮನಸ್ಸು ಹಗುರ ಆಗಿಬಿಡುತ್ತೆ ಅಂತೆಲ್ಲ ನಾನು ಹೇಳೋದಿಲ್ಲ.

ಒಬ್ಬರು ರಾಗಿ ಡಬ್ಬದ ಫೋಟೋ ತಂದಿದ್ದರು. ರಾಗಿಯೊಳಗೆ ಮಾತ್ರೆ ಇದೆಯಂತೆ! ಸರ್ಕಾರ 2004ರ ಏಪ್ರಿಲ್‌ನಿಂದ ಎಆರ್‌ಟಿ ಮಾತ್ರೆ ಪುಕ್ಕಟೆ ಕೊಡ್ತಿದೆ, ತಪ್ಪಿಸದೆ ನುಂಗಿದರೆ ಎಲ್ಲರ ಹಾಗೆ ಬಾಳಬಹುದು. ಸರಿ, ಆದರೆ ಬಾಡಿಗೆ ಮನೆಯಲ್ಲಿ ಅದನ್ನ ಎಲ್ಲಿಡೋದು? ಇನ್ನೊಬ್ಬರದು ಬಸ್ಸಿನ ಕಿಟಕಿ. ಮಂಡ್ಯದಲ್ಲಿ ಗುರುತಿನವರು ಸಿಕ್ಕಾರು ಅಂತ ಮಾತ್ರೆಗೆ ಮೈಸೂರಿಗೆ ಹೋಗ್ತಾರೆ.

ಆಮೇಲೆ ಆ ಲೋಟ. ಅಡುಗೆಮನೆ ಗೂಡಿನಲ್ಲಿ ಒಂಟಿಯಾಗಿ ಮಗುಚಿಟ್ಟ ಸ್ಟೀಲ್ ಲೋಟ, ಪಕ್ಕದಿಂದ ಬೆಳಗಿನ ಬಿಸಿಲು. ನಾನು ನೋಡಿದ ತಕ್ಷಣ "ಬೆಳಕು ಚೆನ್ನಾಗಿ ಬಿದ್ದಿದೆ" ಅಂದುಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ. ಅದು ಅವರ ಮದುವೆಗೆ ತವರಿನವರು ಕೊಟ್ಟ ಲೋಟ. "ನನ್ ಹೆಸ್ರು ಕೆತ್ತೈತಲ್ಲ ಅಂತ ಅದ್ನೇ ನಂಗೆ ಬ್ಯಾರೆ ಮಡಗವ್ರೆ ಕಣಕ್ಕ" ಅಂದರು. ಲೋಟದಿಂದ ಎಚ್‌ಐವಿ ಹರಡೋಲ್ಲ ಅಂತ ಅತ್ತೆಗೆ ಆಸ್ಪತ್ರೆಯಲ್ಲೇ ಹೇಳಿದ್ದಾರೆ. ಅತ್ತೆ ಕೆಟ್ಟವರೂ ಅಲ್ಲ. ರಾತ್ರಿ ಮಾತ್ರೆ ತಗೊಂಡೆಯಾ ಅಂತ ನೆನಪಿಸೋರು ಅವರೇ. ಇಷ್ಟು ವರ್ಷದಲ್ಲಿ ಆ ಲೋಟದ ವಿಷಯ ಯಾರ ಹತ್ತಿರವೂ ಆಡಿರಲಿಲ್ಲವಂತೆ. ಅವತ್ತು ಅರ್ಧ ಗಂಟೆ ಮಾತಾಡಿದರು, ಅತ್ತರು, ಮಧ್ಯೆ ಒಂದು ಸಲ ನಕ್ಕರು ಕೂಡ.

ಮಾತು ಮುಗಿದ ಮೇಲೆ ನಾನು ಮೆಲ್ಲಗೆ ಕೇಳಿದೆ, "ಮುಖ ಇಲ್ವಲ್ಲ, ನನ್ನ ಬ್ಲಾಗಿಗೆ ಹಾಕಲಾ?"

ಅವರು ಎರಡು ಬೆರಳಿಂದ ಫೋಟೋ ಹಿಗ್ಗಿಸಿದರು. ಹೆಸರು ಚೆನ್ನಾಗಿ ಓದೋಕೆ ಬರ್ತಿತ್ತು. ಪಕ್ಕದಲ್ಲೇ ತವರೂರಿನ ಹೆಸರು! "ಮೊಕನೇ ಬೇಕೇನಕ್ಕ?" ಅಂದರು. ಹೇಮಾವತಿ ನಾಲೆ ಕಡೆಯ ಹುಡುಗಿ ಕಾವೇರಿ ಬಯಲಿನ ಊರಿಗೆ ಸೊಸೆ ಆಗೋ ಸೀಮೆ ಇದು, ಎಲ್ಲರಿಗೂ ಎಲ್ಲರೂ ನೆಂಟರು. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ವಿಷಯ ಬಯಲು ಮಾಡಬಾರದು ಅಂತ 2017ರ ಕಾಯ್ದೆ ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದೆಲ್ಲ ಆಸ್ಪತ್ರೆಯವರಿಗೆ, ಕೆಲಸ ಕೊಡೋರಿಗೆ ಅಂದುಕೊಂಡಿದ್ದೆ ನಾನು.

ಹೆಸರನ್ನ ಮಸುಕು ಮಾಡ್ತೀನಿ ಅಂದೆ. "ಹೆಸ್ರು ಅಳಿಸ್ಬುಟ್ರೆ ಅದು ಯಾರ್ದೋ ಲೋಟ ಆಯ್ತದೆ, ಬುಡಿ" ಅಂದರು. ನನ್ನ ಫೋನಿಗೆ ಕಳಿಸಿಕೊಂಡಿದ್ದನ್ನ ಅವರ ಎದುರಿಗೇ ಅಳಿಸಿದೆ.

ಮುಂದಿನ ಸಲ ಸಿಕ್ಕಾಗ ಫೋಟೋನ ಅತ್ತೆಗೆ ತೋರಿಸಿದೆ ಅಂದರು. ಅತ್ತೆ ಸುಮಾರು ಹೊತ್ತು ನೋಡಿ ಫೋನ್ ವಾಪಸ್ ಕೊಟ್ಟರಂತೆ, ಏನೂ ಅನ್ನಲಿಲ್ಲವಂತೆ. ಲೋಟ ಈಗಲೂ ಬೇರೆಯೇ ಇದೆ.

ಫೋಟೋ ಬೇಡ, ಈ ಮಾತನ್ನಾದರೂ ಬರೆಯಲಾ ಅಂತ ಕೇಳಿದೆ. "ಊರು, ತಾಲ್ಲೂಕು ಯೋಳ್ಬ್ಯಾಡಿ, ಬರ್ಕಳಿ" ಅಂದರು. ನಾಲ್ಕು ತಾಲ್ಲೂಕಿನಲ್ಲಿ ಯಾವುದು ಅಂತ ಕಾಮೆಂಟಿನಲ್ಲಿ ಕೇಳಬೇಡಿ.