ಟೈರು ಸವೆದರೆ ಸಂಬಳ ಹಿಡಿಯುವ ಮುಂಚೆ

ಹಳೆಯ ಪಿಕಪ್ ಇಟ್ಟುಕೊಂಡವರಲ್ಲಿ ಟೈರು ಬೇಗ ಸವೆದರೆ ಮೊದಲು ಬೈಸಿಕೊಳ್ಳುವವನು ಡ್ರೈವರ್. ನಮ್ಮಲ್ಲೂ ಹಾಗೆಯೇ ಆಯಿತು.

ಕರಾವಳಿ ಬಿಟ್ಟು ಬಂದು ಹಿಂದೂಪುರದಲ್ಲಿ ಅಂಗಡಿ ಇಟ್ಟ ನಮ್ಮ ಉಪ್ಪನಿಗೆ ಈ ಗಾಡಿಯೇ ಕೈಕಾಲು. ಹುಣಸೆ, ಬೆಲ್ಲ, ದಿನಸಿ ತುಂಬಿಕೊಂಡು ಮಡಕಶಿರಾ, ಪಾವಗಡ, ಗೌರಿಬಿದನೂರು ಎಂದು ಆಂಧ್ರ–ಕರ್ನಾಟಕ ಗಡಿಯ ಆಚೀಚೆ ಓಡುತ್ತದೆ. ಮುಂದಿನ ಎರಡು ಟೈರು ಹಾಕಿ ಇನ್ನೂ ವರ್ಷ ಆಗಿರಲಿಲ್ಲ. ಹೊರಗಿನಿಂದ ನೋಡಿದರೆ ಹೊಸದರ ಹಾಗೆಯೇ ಇದ್ದವು. ಪಂಕ್ಚರಿಗೆಂದು ಬಿಚ್ಚಿದಾಗ ಒಳ ಅಂಚಿನಲ್ಲಿ ತಂತಿ ಕಾಣಿಸಿತು!

"ಇದು ಗಾಡಿಯ ತಪ್ಪಲ್ಲ ಮೋನೇ, ಓಡಿಸುವವನದ್ದು. ಸಂಬಳದಲ್ಲಿ ಹಿಡಿಯುತ್ತೇನೆ" ಎಂದರು ಉಪ್ಪ. ಎಂಟು ವರ್ಷದಿಂದ ಜೊತೆಗಿರುವ ಡ್ರೈವರಣ್ಣ ಒಂದು ಮಾತೂ ಆಡಲಿಲ್ಲ. ಮನೆಗೆ ಹೋಗುವಾಗ ಗಾಡಿಯ ಕೀ ಮೇಜಿನ ಮೇಲಿಟ್ಟು ಹೋದರು. ಅವರು ನಾಳೆ ಬರುವುದಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು.

ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುವ ಸಂಗತಿ ಒಂದಿದೆ: ಟೈರು ಯಾಕೆ ಸವೆಯಿತು ಎನ್ನುವುದು ಟೈರಿನ ಮೇಲೆಯೇ ಬರೆದಿರುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಇಲ್ಲವೇ ಲೋಡು ಜಾಸ್ತಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಅಲ್ಲಲ್ಲಿ ತಗ್ಗುತಗ್ಗಾಗಿದ್ದರೆ ಶಾಕ್ ಅಬ್ಸಾರ್ಬರ್, ಬೇರಿಂಗ್ ಅಥವಾ ವೀಲ್ ಬ್ಯಾಲೆನ್ಸ್ ನೋಡಬೇಕು. ಡ್ರೈವರ್ ತಿರುವುಗಳಲ್ಲಿ ಜೋರಾಗಿ ಓಡಿಸಿದರೆ ಹೊರ ಅಂಚು ಹೋಗುತ್ತದೆ. ಬ್ರೇಕ್ ಒತ್ತಿ ಚಕ್ರ ಜಾರಿಸಿದರೆ ಒಂದೇ ಜಾಗ ಚಪ್ಪಟೆಯಾಗುತ್ತದೆ.

ನಮ್ಮ ಗಾಡಿಯಲ್ಲಿ ಇವು ಯಾವುವೂ ಇರಲಿಲ್ಲ. ಎರಡೂ ಟೈರಿನ ಒಳ ಅಂಚು ಒಂದೇ ಸಮ ಸವೆದಿತ್ತು. ಅಂಗೈಯನ್ನು ಒಳಗಿನಿಂದ ಹೊರಗೆ ಎಳೆದರೆ ನುಣುಪು, ಹೊರಗಿನಿಂದ ಒಳಗೆ ಎಳೆದರೆ ಗರಗಸದ ಹಲ್ಲಿನಂತೆ ಚುಚ್ಚುತ್ತಿತ್ತು. ಚಕ್ರಗಳು ಮುಂದಕ್ಕೆ ನೇರವಾಗಿ ನೋಡದೆ ಸ್ವಲ್ಪ ಹೊರಕ್ಕೆ ತಿರುಗಿವೆ ಎಂದು ಇದರ ಅರ್ಥ. ಮೆಕ್ಯಾನಿಕ್‌ಗಳು ಇದಕ್ಕೆ ಟೋ–ಔಟ್ ಎನ್ನುತ್ತಾರೆ.

ಆದರೆ ಕೆಲವೇ ತಿಂಗಳ ಹಿಂದೆ ಅಲೈನ್‌ಮೆಂಟ್ ಮಾಡಿಸಿದ್ದೆವಲ್ಲ? ಮರುದಿನ ಬೆಳಿಗ್ಗೆ ಡ್ರೈವರಣ್ಣನಿಗೆ ನಾನೇ ಫೋನ್ ಮಾಡಿ ಕರೆಸಿದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗ ಜಾಕ್‌ನಲ್ಲಿ ಎತ್ತಿದೆವು. ಚಕ್ರದ ಮೇಲೆ–ಕೆಳಗೆ ಹಿಡಿದು ಅಲುಗಿಸಿದಾಗ ಗಟ್ಟಿಯಾಗಿತ್ತು. (ಇಲ್ಲಿ ಅಲುಗಾಡಿದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಅಲುಗಾಟ ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ ನೋಡಿ.) ಎಡ–ಬಲ ಹಿಡಿದು ಅಲುಗಿಸಿದಾಗ ಟಕ್ ಟಕ್ ಶಬ್ದ. ಟೈ ರಾಡ್ ಎಂಡ್ ಎರಡೂ ಸಡಿಲ! ಗಾಡಿ ನಿಂತಿರುವಾಗ ಅಲೈನ್‌ಮೆಂಟ್ ಸರಿಯಾಗಿಯೇ ಕಾಣುತ್ತದೆ. ಓಡುವಾಗ ರಸ್ತೆಯ ಎಳೆತಕ್ಕೆ ಚಕ್ರಗಳು ಹೊರಕ್ಕೆ ತೆರೆದುಕೊಳ್ಳುತ್ತವೆ. ಹಳೆಯ ಗಾಡಿಗೆ ಅಲೈನ್‌ಮೆಂಟ್ ಕೊನೆಯ ಕೆಲಸ. ಸಡಿಲ ಭಾಗ ಬದಲಿಸುವುದು ಅದಕ್ಕಿಂತ ಮುಂಚಿನದು.

ಉಪ್ಪನ ಕೈ ಹಿಡಿದು ಹಳೆಯ ಟೈರಿನ ಮೇಲೆ ಎಳೆಸಿದೆ. ಅವರು ಎರಡು ಸಲ ಸವರಿ ನೋಡಿದರು. ಡ್ರೈವರಣ್ಣನಿಗೆ "ಚಹಾ ಕುಡಿದಿರಾ?" ಎಂದಷ್ಟೇ ಕೇಳಿದರು. ಆ ತಿಂಗಳ ಸಂಬಳ ಪೂರ್ತಿ ಕೊಟ್ಟರು.

ನಿಮ್ಮಲ್ಲಿ ಹಳೆಯ ಗಾಡಿ ಇದ್ದರೆ ತಿಂಗಳಿಗೊಮ್ಮೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಟೈರಿನ ಒಳಮೈ ನೋಡಿ, ಅಂಗೈಯಲ್ಲಿ ಸವರಿ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳೆಯಿರಿ. ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಆ ಟೈರು ಓಡಿಸುವಂತಿಲ್ಲ. ಬಡವನ ಸಂಬಳದಲ್ಲಿ ಹಿಡಿಯುವ ಮುಂಚೆ ಟೈರಿನ ಸಾಕ್ಷಿಯನ್ನೂ ಒಮ್ಮೆ ಕೇಳಿ.